ಬೆಲ್ಲದ ಬಣ್ಣ

ಪಾಂಡವಪುರದ ಹತ್ತಿರ, ನಮ್ಮೂರಿಗೆ ಅಂಟಿಕೊಂಡಂತೆ ಒಂದು ಆಲೆಮನೆ ಇದೆ. ಮೂರು ವರ್ಷದ ಹಿಂದೆ, ಜನವರಿಯ ಒಂದು ಬೆಳಗಿನ ಜಾವ ಅಲ್ಲೊಂದು ಫೋಟೋ ತೆಗೆದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಲೆಯ ಬಾಯಿಂದ ಬೆಂಕಿಯ ಬೆಳಕು. ಮೇಲೆ ಸೂರಿನ ಸಂದಿಯಿಂದ ಆಗಷ್ಟೇ ಹರಿಯುತ್ತಿದ್ದ ಬೆಳಗಿನ ನೀಲಿ ಬೆಳಕು. ಎರಡರ ನಡುವೆ ಉಗಿ. ಉಗಿಯೊಳಗೆ ಉದ್ದ ಹಿಡಿಯ ಜಾಲರಿ ಹಿಡಿದು ಮಡ್ಡಿ ತೆಗೆಯುತ್ತಿದ್ದ ಯಜಮಾನರು.

ಕ್ಯಾಮರಾದ ಹಿಂದಿನ ಪರದೆಯಲ್ಲಿ ನೋಡಿದರೆ ಎಲ್ಲವೂ ಕಿತ್ತಳೆ. ಯಜಮಾನರ ಬಿಳಿ ಬನಿಯನ್ ಕಿತ್ತಳೆ, ಉಗಿ ಕಿತ್ತಳೆ, ಪಾಕವಂತೂ ಜಾತ್ರೆಯಲ್ಲಿ ಮಾರುವ ಆರೆಂಜ್ ಸೋಡಾ. ಕಣ್ಣಿಗೆ ಕಂಡದ್ದು ಹಾಗಿರಲಿಲ್ಲ.

ಆ ಒಂದು ಫೋಟೋವನ್ನು ಇಲ್ಲಿಯವರೆಗೆ ಏಳು ಸಲ ಎಡಿಟ್ ಮಾಡಿದ್ದೇನೆ. ಏಳೂ ಸಲ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ, ಸಾಫ್ಟ್‌ವೇರ್‌ನಲ್ಲೇ. ಮೈಸೂರಿನಲ್ಲಿ ಕ್ಯಾಮರಾ ಹಿಡಿದು ಓಡಾಡುವ ಗೆಳೆಯರು ಆಗಾಗ ಕೇಳುತ್ತಾರೆ: "ಪುಕ್ಸಟ್ಟೆ ಸಾಫ್ಟ್‌ವೇರ್‌ನಲ್ಲಿ ಸೀರಿಯಸ್ ಫೋಟೋಗ್ರಫಿ ಆಗುತ್ತಾ?" ಆಗುತ್ತೆ ಅಂತ ಹೇಳಿ ಕಾಫಿ ಕುಡಿದು ಎದ್ದು ಬರಬಹುದು. ಆದರೆ ಅಷ್ಟು ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಈ ಬೆಲ್ಲದ ಫೋಟೋ ಕತೆಯನ್ನೇ ಪೂರ್ತಿ ಹೇಳಿಬಿಡುತ್ತೇನೆ.

ನಾನು ಫೋಟೋ ಹುಚ್ಚು ಹತ್ತಿಸಿಕೊಂಡದ್ದು ಮಂಡ್ಯದಲ್ಲಿ, ಪೇಟೆ ಬೀದಿಯ ಒಳಗಿನ ಸಂದಿಯಲ್ಲಿದ್ದ ಚಿಕ್ಕಪ್ಪನ ಸ್ಟುಡಿಯೋದಲ್ಲಿ. ಹಿಂದುಗಡೆ ಒಂದು ಬಚ್ಚಲುಮನೆಯಷ್ಟು ಕೋಣೆ. ಅದೇ ಡಾರ್ಕ್ ರೂಮ್. ಕೆಂಪು ಬಲ್ಬು, ಮೂರು ಪ್ಲಾಸ್ಟಿಕ್ ತಟ್ಟೆ, ಮೂಗಿಗೆ ಹತ್ತುವ ಹೈಪೋ ವಾಸನೆ. ಬಿಳಿ ಕಾಗದದ ಮೇಲೆ ಮೆಲ್ಲಗೆ ಒಂದು ಮುಖ ಮೂಡುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಚಿಕ್ಕಪ್ಪ ಎನ್ಲಾರ್ಜರ್‌ನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಆಡಿಸುತ್ತಿದ್ದರು. "ಮುಖ ಕಪ್ಪಾಗ್ತದೆ ಕಣೋ, ಸ್ವಲ್ಪ ಬೆಳಕು ತಡೀಬೇಕು" ಅನ್ನುತ್ತಿದ್ದರು. ಅದಕ್ಕೆ ಡಾಡ್ಜಿಂಗ್ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ಕೋಣೆಯಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಯಾಕೆ ಕಪ್ಪಾಯಿತು, ಯಾಕೆ ಬೆಳ್ಳಗಾಯಿತು ಎಲ್ಲಾ ಕಣ್ಣೆದುರೇ ಆಗುತ್ತಿತ್ತು.

ಆಮೇಲೆ ಡಿಜಿಟಲ್ ಬಂತು. ಡಾರ್ಕ್ ರೂಮಿನಲ್ಲಿ ಆಲ್ಬಮ್‌ಗಳ ಖಾಲಿ ಡಬ್ಬ ತುಂಬಿಕೊಂಡವು. ಕಂಪ್ಯೂಟರಿಗೆ ಯಾರೋ ಬಂದು ಸಾಫ್ಟ್‌ವೇರ್ ಹಾಕಿಕೊಟ್ಟರು. ಅದು ಕಳ್ಳ ಕಾಪಿ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ತಪ್ಪು ಅಂತ ಅಂದುಕೊಂಡಿರಲಿಲ್ಲ. ಸೀಡಿ ಜೊತೆಗೇ ವೈರಸ್ಸೂ ಬಂತು. ಒಂದು ಮದುವೆಯ ಫೋಟೋ ಪೂರ್ತಿ ಹೋಯಿತು. ಹೆಣ್ಣಿನ ಕಡೆಯವರು ಸ್ಟುಡಿಯೋ ಮುಂದೆ ನಿಂತು ಆಡಿದ ಮಾತನ್ನು ಇಲ್ಲಿ ಬರೆಯಲು ಬರುವುದಿಲ್ಲ.

ನಾನು ಮೈಸೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ಇನ್ನು ಕಳ್ಳ ಕಾಪಿ ಬೇಡ ಅಂತ ತೀರ್ಮಾನ ಮಾಡಿದೆ. ಮರ್ಯಾದೆಯಾಗಿ ತಿಂಗಳ ಬಾಡಿಗೆ ಕಟ್ಟಿ ಒಂದು ಸಾಫ್ಟ್‌ವೇರ್ ತೆಗೆದುಕೊಂಡೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎರಡು ವರ್ಷ ಖುಷಿಯಾಗಿಯೇ ಬಳಸಿದೆ. ಮನೆ ಕಟ್ಟುವ ಕಾಲಕ್ಕೆ ಕೈ ಬಿಗಿಯಾಯಿತು, ಬಾಡಿಗೆ ನಿಲ್ಲಿಸಿದೆ. ಫೋಟೋಗಳು ನನ್ನ ಹತ್ತಿರವೇ ಇದ್ದವು. ಆದರೆ ಎರಡು ವರ್ಷ ಕೂತು ಮಾಡಿದ ಎಡಿಟ್‌ಗಳನ್ನು ತೆರೆದು ತಿದ್ದುವ ಬಾಗಿಲಿಗೆ ಬೀಗ ಬಿತ್ತು. ಬಾಡಿಗೆ ಮನೆಯ ಹಿತ್ತಿಲಲ್ಲಿ ತೆಂಗಿನ ಸಸಿ ನೆಟ್ಟವನ ಸ್ಥಿತಿ. ಮರ ಬೆಳೆಸಿದ್ದು ನಾನೇ, ಕಾಯಿ ಕೀಳಲು ಓನರ್ ಅಪ್ಪಣೆ ಬೇಕು.

ಆಗ ಸಿಕ್ಕಿದ್ದು ಫೋಟೋ ತಿದ್ದುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಡಾರ್ಕ್‌ಟೇಬಲ್. ಹೆಸರು ನೋಡಿಯೇ ಅರ್ಧ ಬಿದ್ದುಹೋದೆ. ಅದರೊಳಗೆ ಎರಡು ಮುಖ್ಯ ಕೋಣೆ. ಫೋಟೋಗಳನ್ನು ಹರಡಿಕೊಂಡು ಆರಿಸುವುದಕ್ಕೆ ಲೈಟ್‌ಟೇಬಲ್, ಕೂತು ತಿದ್ದುವುದಕ್ಕೆ ಡಾರ್ಕ್‌ರೂಮ್. ಇದನ್ನು 2009ರಲ್ಲಿ ಶುರು ಮಾಡಿದವರು ಯೊಹಾನೆಸ್ ಹಾನಿಕಾ. ಆಮೇಲೆ ಯಾವ್ಯಾವುದೋ ದೇಶದ ಜನ ಸೇರಿಕೊಂಡರು. ಇವತ್ತಿಗೂ ವರ್ಷಕ್ಕೆ ಎರಡು ಸಲ, ಜೂನ್ ಸುಮಾರಿಗೆ ಮತ್ತು ಕ್ರಿಸ್‌ಮಸ್ ಹೊತ್ತಿಗೆ, ಹೊಸ ಆವೃತ್ತಿ ಬರುತ್ತದೆ. ನಮ್ಮ ಕಡೆ ಎರಡು ಬೆಳೆ ಬಂದ ಹಾಗೆ.

ಮೊದಲ ದಿನ ಫೋಟೋ ತೆರೆದು ಬೇಜಾರಾಯಿತು. ಕ್ಯಾಮರಾದಲ್ಲಿ ಝಗಮಗ ಅಂತಿದ್ದದ್ದು ಇಲ್ಲಿ ಸಪ್ಪೆ. ಉಪ್ಪು ಹಾಕದ ಸಾರು. ಸುಮ್ನೆ ಟೈಮ್ ವೇಸ್ಟ್ ಅಂದುಕೊಂಡು ಮುಚ್ಚಿಟ್ಟೆ. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಯಾಕೆ ಸಪ್ಪೆ ಅಂತ ನನಗೆ ಅರ್ಥವಾದದ್ದು ಆಲೆಮನೆಯಲ್ಲಿ.

ಕ್ಯಾಮರಾದ ರಾ ಫೈಲ್ ಅಂದರೆ ಕಬ್ಬಿನ ಹಾಲು. ಜೆಪೆಗ್ ಅಂದರೆ ಅಚ್ಚುಬೆಲ್ಲ. ನಾವು ಕ್ಯಾಮರಾದಲ್ಲಿ ಜೆಪೆಗ್ ಇಟ್ಟುಕೊಂಡು ಫೋಟೋ ತೆಗೆದರೆ ಹಾಲನ್ನು ಎಷ್ಟು ಕಾಯಿಸಬೇಕು, ಏನು ಹಾಕಬೇಕು, ಯಾವ ಹದಕ್ಕೆ ಇಳಿಸಬೇಕು ಅನ್ನೋದನ್ನೆಲ್ಲಾ ಕ್ಯಾಮರಾದೊಳಗಿನ ಪುಟ್ಟ ಚಿಪ್ಪೇ ತೀರ್ಮಾನ ಮಾಡಿ ಅಚ್ಚಿಗೆ ಹೊಯ್ದುಬಿಡುತ್ತದೆ. ಬೆಲ್ಲದಿಂದ ಮತ್ತೆ ಹಾಲು ಮಾಡಲಾಗುವುದಿಲ್ಲ. ನೀರಿಗೆ ಹಾಕಿ ಪಾನಕ ಮಾಡಬಹುದು, ಅಷ್ಟೇ.

ಹಾಲಿನೊಳಗೆ ಏನಿರುತ್ತದೆ? ಸೆನ್ಸರ್‌ನ ಒಂದೊಂದು ಚುಕ್ಕಿಯೂ ಒಂದೇ ಬಣ್ಣ ನೋಡುತ್ತದೆ. ಬಹುಪಾಲು ಕ್ಯಾಮರಾಗಳಲ್ಲಿ ನಾಲ್ಕು ಚುಕ್ಕಿಗೆ ಒಂದು ಕೆಂಪು, ಒಂದು ನೀಲಿ, ಎರಡು ಹಸಿರು. ಮಿಕ್ಕಿದ ಬಣ್ಣವನ್ನು ಅಕ್ಕಪಕ್ಕದ ಚುಕ್ಕಿ ನೋಡಿ ಊಹಿಸಬೇಕು. ಈ ಊಹೆಗೆ ಡಿಮೊಸೇಯಿಕಿಂಗ್ ಅಂತ ಹೆಸರು. ಡಾರ್ಕ್‌ಟೇಬಲ್‌ನಲ್ಲಿ ಅದಕ್ಕೇ ನಾಲ್ಕಾರು ವಿಧಾನಗಳಿವೆ, ನಾವೇ ಆರಿಸಿಕೊಳ್ಳಬಹುದು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. ನನ್ನ ಕ್ಯಾಮರಾದ 14 ಬಿಟ್ ರಾ ಫೈಲಿನಲ್ಲಿ 16,384. ಅದರಲ್ಲೂ ಒಂದು ತಮಾಷೆ ಇದೆ. ಸೆನ್ಸರ್ ಬೆಳಕನ್ನು ಸೇರು ಲೆಕ್ಕದಲ್ಲಿ ಅಳೆಯುತ್ತದೆ. ಬೆಳಕು ಎರಡರಷ್ಟಾದರೆ ಅಂಕಿಯೂ ಎರಡರಷ್ಟು. ಹೀಗೆ ಎರಡರಷ್ಟಾಗುವ ಒಂದು ಹಂತಕ್ಕೆ ಸ್ಟಾಪ್ ಅನ್ನುತ್ತಾರೆ. ಹಾಗಾಗಿ ತೀರಾ ಬೆಳಕಿನ ಒಂದು ಸ್ಟಾಪ್‌ಗೇ 8,192 ಮೆಟ್ಟಿಲು ಹೋಗುತ್ತದೆ. ಅದರ ಕೆಳಗಿನದಕ್ಕೆ 4,096. ಅದರ ಕೆಳಗಿನದಕ್ಕೆ 2,048. ಕತ್ತಲಿಗೆ ಬರುವ ಹೊತ್ತಿಗೆ ಚಿಲ್ಲರೆ ಮಾತ್ರ ಉಳಿದಿರುತ್ತದೆ. ನಮ್ಮ ಕಣ್ಣು ಹಾಗಲ್ಲ. ಕತ್ತಲಲ್ಲೂ ತಡಕಾಡಿ ನೋಡುತ್ತದೆ. ಸೆನ್ಸರ್ ಅಳತೆಯನ್ನು ಕಣ್ಣಿನ ಅಳತೆಗೆ ಬಗ್ಗಿಸಬೇಕು. ಆ ಬಗ್ಗಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಜೆಪೆಗ್‌ನಲ್ಲಿ ಕ್ಯಾಮರಾ ಕಂಪನಿ ಮಾಡುತ್ತದೆ. ಇಲ್ಲಿ ನಾನು ಮಾಡಬೇಕು. ಫೋಟೋ ಸಪ್ಪೆಯಾಗಿದ್ದದ್ದು ಯಾಕೆ ಅಂದರೆ ನಾನಿನ್ನೂ ಒಲೆ ಹಚ್ಚಿರಲಿಲ್ಲ.

ಈ ಬಗ್ಗಿಸುವ ಕೆಲಸಕ್ಕೆ ಡಾರ್ಕ್‌ಟೇಬಲ್‌ನಲ್ಲಿ ಮೊದಲು ಫಿಲ್ಮಿಕ್ ಅಂತ ಒಂದು ಸಲಕರಣೆ ಇತ್ತು, ಈಗಲೂ ಇದೆ. ನನಗೆ ಅದು ಒಗ್ಗಲಿಲ್ಲ. ಇಪ್ಪತ್ತು ಸ್ಲೈಡರ್, ಒಂದನ್ನು ಮುಟ್ಟಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ 4.2 ಆವೃತ್ತಿಯಲ್ಲಿ ಸಿಗ್ಮಾಯ್ಡ್ ಅಂತ ಇನ್ನೊಂದು ಕೊಟ್ಟರು. ಅದರಲ್ಲಿ ಮುಖ್ಯವಾದದ್ದು ಎರಡೇ ಸ್ಲೈಡರ್. ನನ್ನಂಥವರಿಗೆ ಅಂತಲೇ ಮಾಡಿದ ಹಾಗಿದೆ. ಫಿಲ್ಮಿಕ್ ಬಿಟ್ಟು ಇರಲಾರದವರೂ ಇದ್ದಾರೆ. ಅವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಕಬ್ಬಿನ ಹಾಲು ನಮ್ಮದೇ ಆದರೂ ಅದರ ಕ್ಯಾನಿಗೆ ಕಂಪನಿಗಳು ಬೀಗ ಹಾಕಿದ್ದವು. ಒಂದೊಂದು ಕಂಪನಿಗೆ ಒಂದೊಂದು ರಾ ಫಾರ್ಮ್ಯಾಟ್, ಒಳಗೆ ಏನು ಹೇಗೆ ಬರೆದಿದೆ ಅಂತ ಹೊರಗಿನವರಿಗೆ ಹೇಳುತ್ತಿರಲಿಲ್ಲ. ಡೇವ್ ಕಾಫಿನ್ ಅನ್ನೋ ಒಬ್ಬ ಮನುಷ್ಯ 1997ರಲ್ಲಿ ಕೂತು ಆ ಫೈಲುಗಳನ್ನು ಬಿಚ್ಚಿ ಓದುವ ಡಿಸಿರಾ ಅನ್ನೋ ಪ್ರೋಗ್ರಾಮ್ ಬರೆಯಲು ಶುರು ಮಾಡಿದರು. ಇಡೀ ಪ್ರೋಗ್ರಾಮ್ ಸಿ ಭಾಷೆಯ ಒಂದೇ ಫೈಲು. ಇಪ್ಪತ್ತು ವರ್ಷ ಅವರು ಹೊಸ ಹೊಸ ಕ್ಯಾಮರಾ ಸೇರಿಸುತ್ತಲೇ ಹೋದರು. ಇವತ್ತು ಎಷ್ಟೋ ಸಾಫ್ಟ್‌ವೇರ್‌ಗಳು ನಿಂತಿರುವುದು ಆ ತಳಪಾಯದ ಮೇಲೆ. ನಮ್ಮಲ್ಲಿ ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತಿರುತ್ತಾರೆ. ಈ ಥರದವರ ಹೆಸರನ್ನು ನಾವಾದರೂ ಒಂದು ಸಲ ಬರೆಯಬೇಕು, ಅಲ್ವಾ?

ಈಗ ಆಲೆಮನೆಗೆ ವಾಪಸ್.

ಆ ಫೋಟೋದ ತೊಂದರೆ ಎರಡು ಬೆಳಕಿನದು. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಅಳೆಯುತ್ತಾರೆ: ಅಂಕಿ ಕಡಿಮೆಯಾದಷ್ಟೂ ಕೆಂಪು, ಹೆಚ್ಚಾದಷ್ಟೂ ನೀಲಿ. ಒಲೆಯ ಬೆಂಕಿ ಸುಮಾರು 2,000 ಕೆಲ್ವಿನ್ ಆಸುಪಾಸು, ಕೆಂಪಿಗೆ ಕೆಂಪು. ಬೆಳಗಿನ ಜಾವದ ನೆರಳಿನ ಬೆಳಕು 8,000ಕ್ಕೂ ಮೇಲೆ, ನೀಲಿಗೆ ನೀಲಿ. ಬೆಂಕಿಗೆ ಹೊಂದಿಸಿದರೆ ಗೋಡೆ, ಕಂಬ, ಹೊರಗಿನ ಕಬ್ಬಿನ ಗದ್ದೆ ಎಲ್ಲಾ ಇಂಕಿನಲ್ಲಿ ಅದ್ದಿದ ಹಾಗೆ. ಬೆಳಗಿಗೆ ಹೊಂದಿಸಿದರೆ ಯಜಮಾನರು ಕುಂಕುಮದ ನೀರಿನಲ್ಲಿ ಮಿಂದ ಹಾಗೆ. ಮಧ್ಯ ಎಲ್ಲೋ ಇಟ್ಟರೆ ಎರಡೂ ಕೆಟ್ಟವು.

ಡಾರ್ಕ್‌ಟೇಬಲ್‌ನಲ್ಲಿ ಕಲರ್ ಕ್ಯಾಲಿಬ್ರೇಷನ್ ಅಂತ ಒಂದು ಮಾಡ್ಯೂಲ್ ಇದೆ, ಬೆಳಕಿನ ಬಣ್ಣ ಹೊಂದಿಸುವ ಸಲಕರಣೆ. ಅದನ್ನು ಒಂದೇ ಫೋಟೋ ಮೇಲೆ ಎಷ್ಟು ಸಲ ಬೇಕಾದರೂ ಹಾಕಬಹುದು. ಒಂದೊಂದಕ್ಕೂ ಬೇರೆ ಬೇರೆ ಮಾಸ್ಕ್, ಅಂದರೆ ತಿದ್ದುಪಡಿ ಎಲ್ಲಿ ಮಾತ್ರ ತಾಕಬೇಕು ಅಂತ ಹೇಳುವ ಮರೆ, ಕಟ್ಟಬಹುದು. ಒಂದನ್ನು ಬೆಂಕಿಗೆ ಅಂತ ಇಟ್ಟೆ, ಇನ್ನೊಂದನ್ನು ನೆರಳಿಗೆ. ಬೆಂಕಿಯ ಜಾಗವನ್ನು ಗುರುತಿಸಲು ಪ್ಯಾರಾಮೆಟ್ರಿಕ್ ಮಾಸ್ಕ್ ಬಳಸಿದೆ. ಅಂದರೆ ಕೈಯಲ್ಲಿ ಗೆರೆ ಎಳೆಯುವ ಬದಲು "ಇಂಥಿಂಥ ಕಿತ್ತಳೆ ಬಣ್ಣ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಈ ತಿದ್ದುಪಡಿ ಹಾಕು" ಅಂತ ಹೇಳುವುದು. ಉಗಿಗೆ ಗೆರೆ ಎಳೆಯಲು ಯಾರಿಗೆ ಸಾಧ್ಯ? ಬಣ್ಣ ಹೇಳಿದರೆ ಅದೇ ಹುಡುಕಿಕೊಳ್ಳುತ್ತದೆ. ಬನಿಯನ್ ಬೆಳ್ಳಗಾಯಿತು. ಉಗಿ ಉಗಿಯ ಹಾಗೆ ಕಂಡಿತು. ಒಲೆಯ ಬಾಯಿ ಮಾತ್ರ ಕೆಂಪಗೆ ಉಳಿಯಿತು. ರಾತ್ರಿ ಒಂದೂವರೆ ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ಮಲ್ಕೊಳ್ಳಿ" ಅಂದಳು.

ಮರುವಾರ ಪ್ರಿಂಟ್ ಹಾಕಿಸಿದೆ. ಮೈಸೂರಿನ ಒಂದು ಲ್ಯಾಬ್. ಹನ್ನೆರಡು ಇಂಚು ಹದಿನೆಂಟು ಇಂಚು. ತೆರೆದು ನೋಡಿದರೆ ಇಡೀ ಚಿತ್ರ ಅರಿಶಿನಕ್ಕೆ ತಿರುಗಿದೆ. ಕೌಂಟರ್‌ನಲ್ಲೇ ಜಗಳ ತೆಗೆದೆ. ಆ ಹುಡುಗ ಪಾಪ, ಮಾತಾಡದೆ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಲ್ಲೂ ಅರಿಶಿನವೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸರಿಯಾಗಿ ಕಾಣುತ್ತಿತ್ತು.

ತಪ್ಪು ನನ್ನ ಪರದೆಯದು. ಗೆಳೆಯನೊಬ್ಬನಿಂದ ಬಣ್ಣ ಅಳೆಯುವ ಕಲರಿಮೀಟರ್ ಎರವಲು ತಂದೆ, ಪರದೆಯ ಮೇಲೆ ಇಲಿಯ ಹಾಗೆ ಕೂರಿಸುವ ಒಂದು ಸಣ್ಣ ಡಬ್ಬಿ. ಗ್ರೇಮ್ ಗಿಲ್ ಬರೆದ ಆರ್ಗಿಲ್ ಸಿಎಂಎಸ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿ ಅಳೆದೆ. ಬಿಳಿ ಅಂದರೆ 6,500 ಕೆಲ್ವಿನ್ ಇರಬೇಕು. ನನ್ನದು 7,800 ತೋರಿಸುತ್ತಿತ್ತು. ನೀಲಿ ಕನ್ನಡಕ ಹಾಕಿಕೊಂಡು ಎರಡು ವರ್ಷ ಎಡಿಟ್ ಮಾಡಿದ್ದೆ. ನೀಲಿ ಕಂಡಾಗಲೆಲ್ಲಾ ಹಳದಿ ಸುರಿದಿದ್ದೆ. ಲ್ಯಾಬ್ ಹುಡುಗನ ಹತ್ತಿರ ಹೋಗಿ ಸಾರಿ ಕೇಳಿದೆ. ಅವನಿಗೆ ನನ್ನ ಮುಖವೇ ನೆನಪಿರಲಿಲ್ಲ.

ಫೋಟೋ ಎಡಿಟಿಂಗ್ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಲೆನ್ಸ್‌ಗೆ ಅರವತ್ತು ಸಾವಿರ ಸುರಿಯುವ ಮೊದಲು ಪರದೆ ಸರಿ ಮಾಡಿಕೊಳ್ಳಿ. ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಲೆನ್ಸ್ ಅಂದಾಗ ನೆನಪಾಯಿತು. ಆಮೇಲೆ ನಾನೊಂದು ಹೊಸ ಲೆನ್ಸ್ ಕೊಂಡೆ, ಅಗಲ ಕೋನದ್ದು. ಅದರಲ್ಲಿ ತೆಗೆದರೆ ನೇರ ಗೋಡೆ ಬೆಲ್ಲದ ಪಿಂಡಿಯ ಹಾಗೆ ಉಬ್ಬಿ ಕಾಣುತ್ತಿತ್ತು. ಇದನ್ನು ನೆಟ್ಟಗೆ ಮಾಡಲು ಲೆನ್ಸ್‌ಫನ್ ಅನ್ನೋ ಭಂಡಾರವಿದೆ. ಯಾವ ಲೆನ್ಸ್ ಎಷ್ಟು ಡೊಂಕು ಅಂತ ಅದರಲ್ಲಿ ಬರೆದಿಟ್ಟಿರುತ್ತಾರೆ. ಡಾರ್ಕ್‌ಟೇಬಲ್ ಅದನ್ನು ಓದಿ ಸರಿ ಮಾಡಿಕೊಳ್ಳುತ್ತದೆ. ನನ್ನ ಲೆನ್ಸ್ ಹೆಸರು ಅದರಲ್ಲಿ ಇರಲಿಲ್ಲ. ದುಡ್ಡು ಕೊಟ್ಟ ಸಾಫ್ಟ್‌ವೇರ್ ಆಗಿದ್ದರೆ ಕಸ್ಟಮರ್ ಕೇರ್‌ಗೆ ಬರೆದು ಕಾಯಬೇಕಿತ್ತು. ಇಲ್ಲಿ ಇದ್ದ ಉತ್ತರ: ನೀವೇ ಅಳೆದು ಕಳಿಸಿ.

ಅಳೆಯುವುದು ಅಂದರೆ ಉದ್ದನೆಯ, ನೇರ ಗೆರೆಗಳಿರುವ ಕಟ್ಟಡದ ಫೋಟೋ ಬೇಕು. ಹೇಳಿಕೇಳಿ ಇದು ಮೈಸೂರು. ಕಮಾನು, ಗುಮ್ಮಟ, ಬಳ್ಳಿ, ಹೂವು, ಆನೆ. ಅರಮನೆಯಿಂದ ಹಿಡಿದು ದೇವರಾಜ ಮಾರುಕಟ್ಟೆಯವರೆಗೆ ನೇರವಾದ ಗೆರೆ ಅನ್ನೋದು ದುರ್ಲಭ. ಎರಡು ಭಾನುವಾರ ಸ್ಕೂಟರ್‌ನಲ್ಲಿ ಸುತ್ತಿದೆ. ಕೊನೆಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋಡೌನ್ ಸಿಕ್ಕಿತು. ಬೂದು ಗೋಡೆ, ಉದ್ದಕ್ಕೂ ತಗಡಿನ ಅಂಚು, ನೋಡಲು ಇಷ್ಟು ಬೋಳಾದ ಕಟ್ಟಡ ಇನ್ನೊಂದಿಲ್ಲ. ನನಗೆ ಆ ದಿನ ಅದು ಅರಮನೆಗಿಂತ ಚೆಂದ ಕಂಡಿತು. ಟ್ರೈಪಾಡ್ ಹೂಡಿ ನಿಂತದ್ದೇ ವಾಚ್‌ಮನ್ ಬಂದರು. "ಏನ್ ಸಾರ್, ಜಾಗ ಮಾರಾಟಕ್ಕಿದೆಯಾ?" ಲೆನ್ಸ್ ಡೊಂಕು ಅಳೀತಿದೀನಿ ಅಂದೆ. ಸ್ವಲ್ಪ ದೂರ ಹೋಗಿ ಕುರ್ಚಿ ಹಾಕಿಕೊಂಡು ನನ್ನನ್ನೇ ನೋಡುತ್ತಾ ಕೂತರು.

ಹ್ಯೂಗಿನ್ ಅನ್ನೋ ಪನೋರಮಾ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಆ ಗೆರೆಗಳ ಮೇಲೆ ಚುಕ್ಕಿ ಇಡುತ್ತಾ ಹೋದರೆ ಡೊಂಕು ಎಷ್ಟು ಅಂತ ಮೂರು ಅಂಕಿ ಬರುತ್ತವೆ. ಕಳಿಸಿದೆ. ಮರೆತೂಬಿಟ್ಟೆ. ಎಷ್ಟೋ ತಿಂಗಳ ಮೇಲೆ ಸಿಸ್ಟಮ್ ಅಪ್‌ಡೇಟ್ ಮಾಡಿ ಫೋಟೋ ತೆರೆದರೆ ಪಟ್ಟಿಯಲ್ಲಿ ನನ್ನ ಲೆನ್ಸ್! ಗೋಡೆ ಟಕ್ ಅಂತ ನೆಟ್ಟಗಾಯಿತು. ಆ ಲೆನ್ಸ್ ಇಟ್ಟುಕೊಂಡಿರುವ ಯಾರೋ ಎಲ್ಲೋ ಅವರ ಮನೆಯ ಬಾಗಿಲನ್ನು ನೆಟ್ಟಗೆ ಮಾಡಿಕೊಳ್ಳುವಾಗ ಅದರ ಹಿಂದೆ ಹೆಬ್ಬಾಳದ ಗೋಡೌನ್ ಇರುತ್ತದೆ. ಅವರಿಗೆ ಗೊತ್ತಾಗುವುದಿಲ್ಲ. ವಾಚ್‌ಮನ್‌ಗೂ ಗೊತ್ತಿಲ್ಲ.

ಬರೀ ಹೊಗಳುತ್ತಿದ್ದೇನೆ ಅನ್ನಿಸಬಹುದು. ತೊಂದರೆಗಳೂ ಇವೆ.

ಡಾರ್ಕ್‌ಟೇಬಲ್ ಭಾರಿ ಊಟ ಮಾಡುವ ಆಸಾಮಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸರಿ, ಇಲ್ಲದಿದ್ದರೆ ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನ ಫ್ಯಾನು ಆಲೆಮನೆ ಗಾಣದ ಥರ ಶಬ್ದ ಮಾಡುತ್ತದೆ. ಕಲಿಯುವುದೂ ಸುಲಭವಲ್ಲ. ಒಂದೇ ಕೆಲಸಕ್ಕೆ ನಾಲ್ಕು ದಾರಿ. ಯಾವುದು ಹಳೇದು, ಯಾವುದು ಹೊಸದು ಅಂತ ಹೊಸಬರಿಗೆ ತಿಳಿಯುವುದಿಲ್ಲ. ನನ್ನ ತಂಗಿಯ ಮಗ ಅರ್ಧ ಗಂಟೆ ನೋಡಿ "ಮಾಮ, ಇದು ಏರೋಪ್ಲೇನ್" ಅಂದ. ಅವನಿಗೆ ರಾಥೆರಪಿ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಟ್ಟೆ. ಅದು ಹಂಗೇರಿಯ ಗಾಬೋರ್ ಹೊರ್ವಾತ್ ಶುರು ಮಾಡಿದ್ದು, 2010ರಿಂದ ಓಪನ್ ಸೋರ್ಸ್. ಸೂಕ್ಷ್ಮವಾದ ವಿವರ ಹೊರತೆಗೆಯುವುದರಲ್ಲಿ ಅದು ಜಾಸ್ತಿ ಗಟ್ಟಿ ಅಂತ ನನ್ನ ಅನುಭವ. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ಮೇಲಿನ ಹೆಜ್ಜಾರ್ಲೆಗಳ ಗರಿ ಬೇಕೆಂದರೆ ನಾನೂ ಅದನ್ನೇ ತೆರೆಯುತ್ತೇನೆ. ಆದರೆ ಡಾರ್ಕ್‌ಟೇಬಲ್‌ನಲ್ಲಿ ಮಾಡಿದ ಎಡಿಟ್ ಅದರಲ್ಲಿ ತೆರೆಯುವುದಿಲ್ಲ. ಅಷ್ಟರ ಮಟ್ಟಿಗೆ ಇಲ್ಲೂ ಗೋಡೆಗಳಿವೆ.

ಇನ್ನು ಗಿಂಪ್, ಚಿತ್ರ ತಿದ್ದುವ ಇನ್ನೊಂದು ಓಪನ್ ಸೋರ್ಸ್ ಸಾಫ್ಟ್‌ವೇರ್. 1995ರಲ್ಲಿ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಶುರು ಮಾಡಿದ್ದು. ಇದರ ನಿಧಾನಕ್ಕೆ ನನ್ನಲ್ಲಿ ಪದಗಳಿಲ್ಲ. 2.10 ಆವೃತ್ತಿ ಬಂದದ್ದು 2018ರ ಏಪ್ರಿಲ್‌ನಲ್ಲಿ. 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಹಾಕಿದ ಎಫೆಕ್ಟನ್ನು ಆಮೇಲೆ ತೆರೆದು ಬದಲಾಯಿಸುವ ಸೌಲಭ್ಯಕ್ಕೆ ಅಷ್ಟು ವರ್ಷ ಕಾದೆವು. ಆದರೆ ಅದರಲ್ಲಿ ಯೂನಿಕೋಡ್ ಕನ್ನಡ ಬರೆದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. "ಶ್ರೀರಂಗಪಟ್ಟಣ" ಅಂತ ಬರೆದು, ಟಕಾರದ ಒತ್ತು ಟಕಾರದ ಕೆಳಗೇ ಇರುವುದನ್ನು ನೋಡಿದಾಗ ನನಗಾದ ಸಮಾಧಾನ ಡಿಟಿಪಿ ಅಂಗಡಿಗಳಲ್ಲಿ ಒದ್ದಾಡಿದವರಿಗೆ ಗೊತ್ತು. ಮದುವೆ ಆಲ್ಬಮ್ ಮಾಡುವ ಗೆಳೆಯರಿಗೆ ಮಾತ್ರ ನಾನು ಗಿಂಪ್ ಹಿಡಿಯಿರಿ ಅಂತ ಒತ್ತಾಯ ಮಾಡುವುದಿಲ್ಲ. ಅವರ ಟೆಂಪ್ಲೇಟು, ಅವರ ಪ್ರೆಸ್ಸು, ರಾತ್ರೋರಾತ್ರಿ ಮುಗಿಸಬೇಕಾದ ನೂರು ಪುಟ ಎಲ್ಲಾ ಬೇರೆ ಸಾಫ್ಟ್‌ವೇರ್ ಸುತ್ತ ಕಟ್ಟಿಕೊಂಡಿವೆ. ಹೊಟ್ಟೆಪಾಡಿನ ಮುಂದೆ ನನ್ನ ಹವ್ಯಾಸದ ಉಪದೇಶ ಯಾಕೆ?

ಡಿಜಿಕ್ಯಾಮ್ ಬಗ್ಗೆ ಎರಡೇ ಸಾಲು. ಸಾವಿರಾರು ಫೋಟೋಗಳನ್ನು ಜೋಡಿಸಿಡುವುದಕ್ಕೆ ಅದು. ಶುರು ಮಾಡಿದ್ದು ರೆಂಚಿ ರಾಜು, 2001ರಲ್ಲಿ. ನಾನು ಟ್ಯಾಗ್‌ಗಳನ್ನೆಲ್ಲಾ ಕನ್ನಡದಲ್ಲೇ ಹಾಕಿದ್ದೇನೆ: ಆಲೆಮನೆ, ಕೆರೆ ಏರಿ, ಸೋಬಾನೆ, ಸಂತೆ. ಮುಖ ಗುರುತಿಸುವುದೂ ಅದಕ್ಕೆ ಬರುತ್ತದೆ. ನಮ್ಮಜ್ಜಿಯನ್ನೂ ಅವರ ತಂಗಿಯನ್ನೂ ಒಬ್ಬರೇ ಅಂತ ಹಠ ಹಿಡಿದಿದೆ. ಅವರಿಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟವರು.

ಹೋದ ವರ್ಷ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಸತ್ತಿತು. ಟಿಕ್ ಟಿಕ್ ಅಂತ ಎರಡು ದಿನ ಅಂದು ಮೂರನೇ ದಿನ ಮಾತು ನಿಲ್ಲಿಸಿತು. ರಾ ಫೈಲುಗಳು ಹೊರಗಿನ ಡಿಸ್ಕ್‌ನಲ್ಲಿದ್ದವು. ಆದರೆ ಎಡಿಟ್‌ಗಳು? ಡಾರ್ಕ್‌ಟೇಬಲ್‌ನ ಲೆಕ್ಕದ ಪುಸ್ತಕ ಸತ್ತ ಡಿಸ್ಕ್‌ನಲ್ಲೇ ಉಳಿಯಿತು. ಹೊಸ ಡಿಸ್ಕ್ ಹಾಕಿ, ಎಲ್ಲಾ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಎದೆ ಗಟ್ಟಿ ಮಾಡಿಕೊಂಡು ಹಳೇ ಫೋಲ್ಡರ್ ಇಂಪೋರ್ಟ್ ಮಾಡಿದೆ. ಒಂದೊಂದೇ ಚಿತ್ರ ಬಂತು, ತಿದ್ದಿದ ರೂಪದಲ್ಲೇ. ಬಾಲ್ಯದ ತಟ್ಟೆಯಲ್ಲಿ ಮುಖ ಮೂಡಿದ ಹಾಗೆ.

ಏನಾಗಿತ್ತು ಅಂದರೆ, ಡಾರ್ಕ್‌ಟೇಬಲ್ ರಾ ಫೈಲನ್ನು ಮುಟ್ಟುವುದೇ ಇಲ್ಲ. ಪಕ್ಕದಲ್ಲಿ ಒಂದು ಪುಟ್ಟ ಎಕ್ಸ್‌ಎಂಪಿ ಫೈಲ್ ಇಡುತ್ತದೆ. ಕೆಲವೇ ಕಿಲೋಬೈಟು. ಅದರಲ್ಲಿ ನಾವು ಮಾಡಿದ್ದೆಲ್ಲಾ ಕ್ರಮವಾಗಿ ಬರೆದಿರುತ್ತದೆ. ಸಾದಾ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದಬಹುದು: ಮೊದಲು ಎಕ್ಸ್‌ಪೋಶರ್, ಆಮೇಲೆ ಲೆನ್ಸ್, ಆಮೇಲೆ ಕಲರ್ ಕ್ಯಾಲಿಬ್ರೇಷನ್ ಎರಡು ಸಲ. ಒಳಗಿನ ಅಂಕಿಗಳು ಗುಪ್ತಲಿಪಿಯ ಥರ ಇರುತ್ತವೆ, ಆದರೆ ಅದನ್ನು ಬಿಡಿಸುವ ಬಗೆಯೂ ಯಾರು ಬೇಕಾದರೂ ಓದಬಹುದಾದ ಕೋಡ್‌ನಲ್ಲೇ ಇದೆ. ಇನ್ನೊಂದು ಒಳ್ಳೆ ಪದ್ಧತಿ ಅವರಲ್ಲಿದೆ. ಒಂದು ಮಾಡ್ಯೂಲ್ ಹಳೇದಾಯಿತು ಅಂತ ಪಟ್ಟಿಯಿಂದ ತೆಗೆದರೂ, ಅದನ್ನು ಬಳಸಿದ ಹಳೇ ಎಡಿಟ್‌ಗಳು ತೆರೆದುಕೊಳ್ಳುತ್ತವೆ. ಹಳೇ ಸೊಸೆಯನ್ನು ಹೊರಗೆ ಹಾಕುವುದಿಲ್ಲ. ಹೊಸ ಆವೃತ್ತಿಯ ಎಡಿಟ್ ಹಳೇ ಆವೃತ್ತಿಯಲ್ಲಿ ತೆರೆಯುತ್ತೆ ಅಂತ ಮಾತ್ರ ನಂಬಿ ಕೂರಬೇಡಿ.

ಈ ಎಕ್ಸ್‌ಎಂಪಿ ದೆಸೆಯಿಂದ ಆಲೆಮನೆಯ ಫೋಟೋ ಏಳು ರೂಪದಲ್ಲಿ ಇವತ್ತೂ ನನ್ನ ಹತ್ತಿರ ಇದೆ. ಹಾಲು ಒಂದೇ, ಪಾಕ ಏಳು. ಆರನೇದನ್ನು, ಪರದೆ ಸರಿ ಮಾಡಿಕೊಂಡ ಮೇಲೆ ಮಾಡಿದ್ದನ್ನು, ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಹೋದ ಸುಗ್ಗಿಯಲ್ಲಿ ಯಜಮಾನರಿಗೆ ಕೊಡಲು ಹೋದೆ. ಹೆಮ್ಮೆಯಿಂದಲೇ ಹೋದೆ ಅನ್ನಿ.

ಅವರು ಕೈ ಒರೆಸಿಕೊಂಡು ತೆಗೆದುಕೊಂಡರು. ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಸುಮಾರು ಹೊತ್ತು ನೋಡಿದರು.

"ಬೆಂಕಿ ಪಸಂದಾಗದೆ ಕಣಪ್ಪ. ನಾನೂ ಚೆಂದಾಗಿವ್ನಿ. ಆದ್ರೆ ಬೆಲ್ಲ ನಮ್ದಲ್ಲ."

ಯಾಕೆ ಅಂದೆ.

"ಈಟು ಬೆಳ್ಳಗೆ ಎಲ್ಲಪ್ಪಾ ಬಂದದು? ಔಸ್ದಿ ಹಾಕ್ದಂಗದೆ."

ಔಷಧಿ ಅಂದರೆ ಹೈಡ್ರೋಸ್ ಅನ್ನೋ ರಾಸಾಯನಿಕ. ಪಾಕಕ್ಕೆ ಒಂದು ಹಿಡಿ ಎರಚಿದರೆ ಬೆಲ್ಲ ಬೆಳ್ಳಗೆ, ಹಳದಿಗೆ ಹೊಳೆಯುತ್ತದೆ. ಮಂಡಿಯಲ್ಲಿ ಅದಕ್ಕೇ ಬೆಲೆ. ಈ ಯಜಮಾನರು ಅದನ್ನು ಹಾಕುವವರಲ್ಲ. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಾರೆ, ಸ್ವಲ್ಪ ಸುಣ್ಣ ಹಾಕುತ್ತಾರೆ, ಅಷ್ಟೇ. ಅವರ ಬೆಲ್ಲ ಹುಣಸೆಹಣ್ಣಿನ ಕಡೆಗೆ ತಿರುಗಿದ ಕಂದು. ಕೊಳ್ಳುವವರು ಮೂಗು ಮುರಿಯುತ್ತಾರೆ, ಅವರು ಜಗ್ಗುವುದಿಲ್ಲ. ಅಂಥವರ ಕೊಪ್ಪರಿಗೆಗೆ ನಾನು ಹೈಡ್ರೋಸ್ ಹಾಕಿ, ಫ್ರೇಮ್ ಕಟ್ಟಿಸಿ ತಂದಿದ್ದೆ.

ಅವರು ಬೇಡ ಅನ್ನಲಿಲ್ಲ. ಗೋಡೆಗೆ ಒರಗಿಸಿದರು. ಮುಖವನ್ನು ಗೋಡೆ ಕಡೆಗೆ ಮಾಡಿ.

ಮನೆಗೆ ಬಂದು ಫೈಲ್ ತೆರೆದೆ. ಮಾಡಿದ ಕೆಲಸದ ಪಟ್ಟಿ ಎಡಗಡೆ ಸಾಲಾಗಿ ಇತ್ತು. ಒಂದೊಂದೇ ಮಾಡ್ಯೂಲ್ ಆರಿಸುತ್ತಾ, ಹಚ್ಚುತ್ತಾ ಹೋದೆ. ಮೂರು ನಿಮಿಷಕ್ಕೆ ಸಿಕ್ಕಿತು. "ಕಿತ್ತಳೆ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ" ಅಂದಿದ್ದೆನಲ್ಲ, ಆ ಮಾಸ್ಕ್. ಅದನ್ನು ಹಳದಿ ಬಣ್ಣದಲ್ಲಿ ತೋರಿಸು ಅಂದರೆ ಒಲೆಯ ಬೆಳಕಿನ ಜೊತೆಗೆ ಕೊಪ್ಪರಿಗೆಯೊಳಗಿನ ಪಾಕವೂ ಪೂರ್ತಿ ಹಳದಿಯಾಗಿ ತೋರಿತು. ಬನಿಯನ್ ಮೇಲಿನ ಕಿತ್ತಳೆ ಬೆಂಕಿಯದು. ಪಾಕದ ಕಿತ್ತಳೆಯಲ್ಲಿ ಮುಕ್ಕಾಲು ಪಾಲು ಅದರ ಸ್ವಂತದ್ದು. ಸಾಫ್ಟ್‌ವೇರ್‌ಗೆ ಅದು ಹೇಗೆ ಗೊತ್ತಾಗಬೇಕು? ನಾನು ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿತ್ತು. ಎರಡೂ ಕಣ್ಣಿನಿಂದ ಆ ಬೆಲ್ಲ ನೋಡಿ, ಬಿಸಿಬಿಸಿ ತಿಂದು ಬಂದವನು ನಾನು.

ಕೊಪ್ಪರಿಗೆಯ ಸುತ್ತ ಕೈಯಲ್ಲಿ ಗೆರೆ ಎಳೆದೆ. ಅದನ್ನು ಮಾಸ್ಕ್‌ನಿಂದ ಕಳೆದೆ. ಅಂಚನ್ನು ಉಗಿಯೊಳಗೆ ಕರಗುವ ಹಾಗೆ ಮೆತ್ತಗೆ ಮಾಡಿದೆ. ಆಮೇಲೂ ಪಾಕ ತುಸು ಕೆಂಪಗಿತ್ತು. ಅಡುಗೆಮನೆಯಿಂದ ಅವರ ಮನೆಯದೇ ಒಂದು ಬೆಲ್ಲದ ತುಂಡು ತಂದು, ಕಿಟಕಿ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದುಕೊಂಡು ಇನ್ನೊಂದು ಸ್ವಲ್ಪ ಇಳಿಸಿದೆ. ಇರುವೆ ಕೀಬೋರ್ಡಿಗೆ ಹತ್ತಿದವು.

ಅದು ಏಳನೇದು. ಪ್ರಿಂಟ್ ಆಗಿ ಬಂದಿದೆ. ಈ ಸಲ ಮಳೆ ಜಾಸ್ತಿಯಾಗಿ ಕಬ್ಬು ಕಡಿಯುವುದು ತಡವಾಯಿತು, ಆಲೆಮನೆ ಮುಂದಿನ ವಾರ ಶುರುವಾಗುತ್ತದಂತೆ. ಸದ್ಯಕ್ಕೆ ಅದು ರಟ್ಟಿನ ನಡುವೆ, ನನ್ನ ಬ್ಯಾಗಿನಲ್ಲಿದೆ.